ಸಣ್ಣ ಅಲೆಗೆ ದೊಡ್ಡ ಹಲಗೆಯೇ ಸರಿ

ಫ್ಲೂಯಿಡ್ ಮೆಕ್ಯಾನಿಕ್ಸ್ ಪರೀಕ್ಷೆಯಲ್ಲಿ ಮೆಟಾಸೆಂಟರ್ ಲೆಕ್ಕಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು. ಅದೇ ತಿಂಗಳು ಅದೇ ಲೆಕ್ಕವನ್ನು ಮರೆತು, ಮೂವರು ಗೆಳೆಯರ ಜೊತೆ ಸೇರಿ ತಪ್ಪು ಬೋರ್ಡ್ ಕೊಂಡೆ. ತಲೆಗೆ ಆರು ಸಾವಿರದಂತೆ ಒಟ್ಟು 24 ಸಾವಿರ ರೂಪಾಯಿ. ನನ್ನ ಪಾಲಿನದು ಸ್ಕಾಲರ್‌ಶಿಪ್‌ನಲ್ಲಿ ಉಳಿಸಿದ ಹಣ.

ಅದು ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡ್. ಹಲಗೆಯ ಮೇಲೆ ನಿಂತುಕೊಂಡು, ಉದ್ದನೆಯ ಹುಟ್ಟು ಹಾಕುತ್ತಾ ಸಾಗುವ ಆಟ. ಹಿನ್ನೀರಿನಲ್ಲಿ ಸುಮ್ಮನೆ ತೇಲಬಹುದು, ಕಡಲಿಗಿಳಿದು ಸಣ್ಣ ಅಲೆಗಳನ್ನು ಏರಬಹುದು. ನಮ್ಮ ಕರಾವಳಿಗೆ ಇದು ಹೊಸದೇನಲ್ಲ. ದೇಶದ ಮೊದಮೊದಲ ಸರ್ಫ್ ಕ್ಲಬ್‌ಗಳಲ್ಲಿ ಒಂದು ಹುಟ್ಟಿದ್ದು ಮೂಲ್ಕಿಯಲ್ಲಿ. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದದ್ದು ಸಸಿಹಿತ್ಲು ಕಡಲತೀರದಲ್ಲಿ. 2024ರಲ್ಲಿ ಅಲ್ಲೇ ಅಂತರರಾಷ್ಟ್ರೀಯ ಪ್ಯಾಡಲ್ ಸ್ಪರ್ಧೆಯೂ ಆಯಿತು. ಈ ಆಟದಲ್ಲಿ ದೇಶವನ್ನು ಪ್ರತಿನಿಧಿಸಿದ ತನ್ವಿ ಜಗದೀಶ್ ನಮ್ಮ ಮಂಗಳೂರು ಕಡೆಯವರೇ. ಇಷ್ಟೆಲ್ಲ ಇದ್ದೂ ಕಡಲಿನಿಂದ ಅರ್ಧ ಗಂಟೆ ದೂರದ ಕಾಲೇಜುಗಳಲ್ಲಿ ಓದುವ ನಮ್ಮಲ್ಲಿ ಬಹುತೇಕರಿಗೆ ಯಾವ ಬೋರ್ಡ್ ಯಾರಿಗೆ ಎಂಬುದು ಗೊತ್ತಿಲ್ಲ. ರೀಲ್ಸ್ ನೋಡಿ ಆರಿಸುತ್ತೇವೆ. ನಾವೂ ಹಾಗೇ ಮಾಡಿದೆವು.

ನಾವು ಕೊಂಡದ್ದು ಎಂಟು ಅಡಿ ಎರಡು ಇಂಚು ಉದ್ದ, 28 ಇಂಚು ಅಗಲದ ಸೆಕೆಂಡ್ ಹ್ಯಾಂಡ್ ಬೋರ್ಡ್. ಗಾತ್ರ 95 ಲೀಟರ್. ಚೂಪು ಮೂತಿ, ನೀಲಿ ಪಟ್ಟೆ, ನೋಡಲು ಬಹಳ ಚೆಂದ. 'ನುರಿತವರು ಬಳಸೋದು ಇದನ್ನೇ' ಎಂದ ಮಾರಿದವನು. ಅವನು ಹೇಳಿದ್ದು ಸುಳ್ಳಲ್ಲ. ನಾವು ನುರಿತವರಲ್ಲ ಎಂಬುದಷ್ಟೇ ತೊಂದರೆ.

ಮೊದಲ ದಿನ ನಾಲ್ವರಲ್ಲಿ ಒಬ್ಬನೂ ಐದು ಸೆಕೆಂಡ್ ನಿಲ್ಲಲಿಲ್ಲ. ಎರಡನೇ ದಿನವೂ ಅಷ್ಟೇ. ಮೂರನೇ ದಿನ ನಾನು ಬಿದ್ದಾಗ ಕಾಲಿಗೆ ಕಟ್ಟಿದ್ದ ಲೀಶ್‌ನ ಹಳೆಯ ವೆಲ್ಕ್ರೋ ಪಟ್ಟಿ ಬಿಚ್ಚಿಕೊಂಡಿತು. ಅಲೆ ಬೋರ್ಡನ್ನು ಎತ್ತಿಕೊಂಡು ದಡದ ಕಡೆಗೆ ಓಡಿತು. ಅಲ್ಲಿ ಮೊಣಕಾಲುದ್ದ ನೀರಿನಲ್ಲಿ ಒಂದು ಮಗು ಆಡುತ್ತಿತ್ತು. ಆ ಚೂಪು ಮೂತಿ ಮಗುವಿನಿಂದ ಒಂದು ಮಾರು ದೂರದಲ್ಲಿ ಹಾದುಹೋಯಿತು. ದಡದಲ್ಲಿ ಬಲೆ ಸರಿಪಡಿಸುತ್ತಿದ್ದ ಮೀನುಗಾರರೊಬ್ಬರು ಓಡಿಬಂದು ಬೋರ್ಡ್ ಹಿಡಿದರು.

"ಎಂತ ಮಾರಾಯ, ಹಗ್ಗ ಸರಿ ಉಂಟಾ ನೋಡದೆ ಯಾರಾದ್ರೂ ದೋಣಿ ಇಳಿಸ್ತಾರಾ? ಮಗುವಿಗೆ ತಾಗಿದ್ರೆ ಏನು ಮಾಡ್ತಿದ್ದೆ?" ಎಂದು ಕೇಳಿದರು.

"ತಪ್ಪಾಯ್ತು ಅಣ್ಣ" ಎನ್ನುವುದು ಬಿಟ್ಟು ನನ್ನ ಬಳಿ ಬೇರೆ ಉತ್ತರ ಇರಲಿಲ್ಲ.

ಆ ರಾತ್ರಿ ಹಾಸ್ಟೆಲ್‌ನಲ್ಲಿ ನೋಟ್‌ಬುಕ್‌ನ ಕೊನೆಯ ಪುಟ ತೆರೆದು, ಕೊಳ್ಳುವ ಮೊದಲೇ ಮಾಡಬೇಕಿದ್ದ ಲೆಕ್ಕವನ್ನು ಮಾಡಿದೆ. ನನ್ನ ತೂಕ 65 ಕಿಲೋ. ಬೋರ್ಡ್ ಎಂಟು ಕಿಲೋ. ಒಟ್ಟು 73. ಸಮುದ್ರದ ನೀರು ಲೀಟರ್‌ಗೆ ಸುಮಾರು 1.025 ಕಿಲೋ ತೂಗುತ್ತದೆ. ಅಂದರೆ ನಮ್ಮಿಬ್ಬರನ್ನು ತೇಲಿಸಲು 71 ಲೀಟರ್‌ನಷ್ಟು ಬೋರ್ಡ್ ನೀರಿನೊಳಗೆ ಮುಳುಗಲೇಬೇಕು. ಉಳಿಯುವುದು ಬರೀ 24 ಲೀಟರ್. ತೇಲುತ್ತದೆ, ನಿಜ. ಆದರೆ ಒಂದು ಕಾಲಿಗೆ ಭಾರ ಹಾಕಿದರೆ ಆ ಬದಿ ಮುಳುಗಿಬಿಡುತ್ತದೆ. ಅದಕ್ಕೇ ಹೊಸಬರು ತಮ್ಮ ತೂಕದ ಎರಡು ಪಟ್ಟು ಅಥವಾ ಇನ್ನೂ ಸ್ವಲ್ಪ ಹೆಚ್ಚು ಲೀಟರ್‌ನ ಬೋರ್ಡ್ ಆರಿಸಬೇಕು ಎನ್ನುತ್ತಾರೆ. ನನ್ನ ತೂಕಕ್ಕೆ 130ರಿಂದ 150 ಲೀಟರ್ ಬೇಕಿತ್ತು.

ಇನ್ನು ಅಗಲ. ತೇಲುವ ವಸ್ತು ಮಗುಚದಂತೆ ತಡೆಯುವ ಬಲ ಅದರ ಅಗಲದ ಘನಕ್ಕೆ ತಕ್ಕಂತೆ ಹೆಚ್ಚುತ್ತದೆ. 28 ಇಂಚಿನ ಬದಲು 32 ಇಂಚು ಎಂದರೆ ಕೇವಲ ನಾಲ್ಕು ಇಂಚು ಜಾಸ್ತಿ ಅನ್ನಿಸುತ್ತದೆ. ಆದರೆ ಘನ ಮಾಡಿ ನೋಡಿ, ಆ ಬಲ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ನನ್ನ ಒರಟು ಲೆಕ್ಕದ ಪ್ರಕಾರ, ನಾವು ಕೊಂಡ ಬೋರ್ಡ್ ಮೇಲೆ ನಾನು ನೆಟ್ಟಗೆ ನಿಂತರೆ ಮೆಟಾಸೆಂಟರ್ ನನ್ನ ಗುರುತ್ವ ಕೇಂದ್ರಕ್ಕಿಂತ ಕೆಳಗೆ ಬೀಳುತ್ತಿತ್ತು. ಅಂದರೆ ತುದಿಯ ಮೇಲೆ ನಿಲ್ಲಿಸಿದ ಪೆನ್ಸಿಲ್‌ನ ಕಥೆ. ನುರಿತವರು ಅಂಥ ಬೋರ್ಡ್ ಮೇಲೆ ನಿಲ್ಲುವುದು ಕ್ಷಣಕ್ಷಣಕ್ಕೂ ಕಾಲಿನಿಂದ ತಿದ್ದಿಕೊಳ್ಳುತ್ತಾ. ಹತ್ತು ಅಡಿ ಉದ್ದ, 32 ಇಂಚು ಅಗಲದ ಬೋರ್ಡ್‌ಗೆ ಅದೇ ಲೆಕ್ಕ ಹಾಕಿದಾಗ ಮೆಟಾಸೆಂಟರ್ ಮೇಲಕ್ಕೆ ಬಂತು. ಮೊಣಕಾಲು ಸ್ವಲ್ಪ ಬಗ್ಗಿಸಿದರೆ ಗುರುತ್ವ ಕೇಂದ್ರ ಇನ್ನೂ ಕೆಳಗಿಳಿಯುತ್ತದೆ. ತರಬೇತುದಾರರು 'ಮೊಣಕಾಲು ಬಗ್ಗಿಸಿ' ಎಂದು ಪದೇ ಪದೇ ಕೂಗುವುದು ಇದಕ್ಕೇ.

'ದೊಡ್ಡ ಬೋರ್ಡ್ ಅಂದ್ರೆ ಬಸ್ ಓಡಿಸಿದ ಹಾಗೆ, ತಿರುಗೋದೇ ಇಲ್ಲ' ಎಂದು ನಗುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಆದರೆ ತಿರುಗಿಸುವ ಪ್ರಶ್ನೆ ಬರುವುದು ನಿಂತ ಮೇಲೆ, ಅಲೆ ಸಿಕ್ಕ ಮೇಲೆ. ಸಣ್ಣ ಅಲೆಗೆ ತಳ್ಳುವ ಶಕ್ತಿ ಕಡಿಮೆ. 80 ಸೆಂಟಿಮೀಟರ್ ಆಳದ ನೀರಿನಲ್ಲಿ ಅಲೆ ಗಂಟೆಗೆ ಸುಮಾರು 10 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಅದು ನಮ್ಮನ್ನು ಬಿಟ್ಟು ಮುಂದೆ ಹೋಗುವ ಮೊದಲು ನಾವು ಆ ವೇಗದ ಹತ್ತಿರಕ್ಕಾದರೂ ಬರಬೇಕು. ಉದ್ದನೆಯ, ತಳ ಹೆಚ್ಚು ಬಾಗಿರದ ಬೋರ್ಡ್ ನಾಲ್ಕು ಹುಟ್ಟಿಗೆ ಓಟ ಹಿಡಿಯುತ್ತದೆ. ಮೂತಿ ಮೇಲಕ್ಕೆ ಬಾಗಿದ ಗಿಡ್ಡ ಬೋರ್ಡ್ ನೀರನ್ನು ತಳ್ಳುತ್ತಾ ನಿಂತಲ್ಲೇ ನಿಲ್ಲುತ್ತದೆ. ಆದ್ದರಿಂದ ಮೊಣಕಾಲಿನಿಂದ ಸೊಂಟದವರೆಗಿನ ಅಲೆಗೆ ಹತ್ತು ಅಡಿ ಅಥವಾ ಹತ್ತೂವರೆ ಅಡಿಯ ಅಗಲ ಬೋರ್ಡೇ ಸೂಕ್ತ ಎಂಬುದು ನನ್ನ ಖಚಿತ ಅಭಿಪ್ರಾಯ.

ಗಾಳಿ ತುಂಬುವ ಬೋರ್ಡ್ ಒಳ್ಳೆಯದೋ, ಗಟ್ಟಿ ಬೋರ್ಡೋ? ಅಲೆಯ ಮೇಲೆ ಗಟ್ಟಿ ಬೋರ್ಡ್‌ಗೆ ಸಾಟಿಯಿಲ್ಲ. ಅದರ ಅಂಚು ನೀರನ್ನು ಕಚ್ಚಿ ಹಿಡಿಯುತ್ತದೆ. ಗಾಳಿ ಬೋರ್ಡ್‌ನ ಅಂಚು ದಪ್ಪ, ದುಂಡು, ಅಷ್ಟಾಗಿ ಹಿಡಿತ ಸಿಗುವುದಿಲ್ಲ. ಆದರೆ ಎಪಾಕ್ಸಿ ಬೋರ್ಡನ್ನು ಬಸ್ಸಿನಲ್ಲಿ ಒಯ್ಯುವುದು ಹೇಗೆ? ಮೂರು ಮಂಚದ ಹಾಸ್ಟೆಲ್ ಕೋಣೆಯಲ್ಲಿ ಇಡುವುದೆಲ್ಲಿ? ಕಲ್ಲಿಗೆ ತಾಗಿ ಬಿರುಕು ಬಿಟ್ಟರೆ ಒಳಗೆ ನೀರು ಹೋಗುತ್ತದೆ, ದುರಸ್ತಿ ಖರ್ಚು ಬೇರೆ. ಸಣ್ಣ ಅಲೆಯಲ್ಲಿ ಕಲಿಯುವ ವಿದ್ಯಾರ್ಥಿಗೆ ಆರು ಇಂಚು ದಪ್ಪದ ಗಾಳಿ ಬೋರ್ಡ್ ಸಾಕು. ಮೈಗೆ ತಾಗಿದರೂ ಪೆಟ್ಟು ಕಡಿಮೆ. ಅದರ ಮೇಲೆ ಬರೆದಿರುವಷ್ಟು ಒತ್ತಡಕ್ಕೆ, ಸಾಮಾನ್ಯವಾಗಿ 15 ಪಿಎಸ್‌ಐ ಆಸುಪಾಸಿಗೆ, ತುಂಬಿಸಲೇಬೇಕು. ಪಂಪ್ ಹೊಡೆದು ಕೈಸೋತು ಹತ್ತಕ್ಕೆ ನಿಲ್ಲಿಸಿದರೆ ನಿಂತ ಕೂಡಲೇ ಬೋರ್ಡ್ ನಡುವೆ ಬಾಗುತ್ತದೆ. ತುಂಬಿಸಿದ ಬೋರ್ಡನ್ನು ಉರಿಬಿಸಿಲಿನ ಮರಳ ಮೇಲೆ ಬಿಟ್ಟು ಚಹಾ ಕುಡಿಯಲು ಹೋಗಬೇಡಿ. ಒಳಗಿನ ಗಾಳಿ ಬಿಸಿಯಾದಂತೆ ಒತ್ತಡ ಏರುತ್ತದೆ. ಹೊಲಿಗೆ, ಅಂಟು ಬಿಡಬಹುದು.

ಹುಟ್ಟನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಮತಟ್ಟಾದ ನೀರಿಗೆ ನಮ್ಮ ಎತ್ತರಕ್ಕಿಂತ ಎಂಟು ಇಂಚಿನಷ್ಟು ಉದ್ದ ಇದ್ದರೆ ಸರಿ. ಅಲೆಗೆ ಹೋದಾಗ ಮೊಣಕಾಲು ಬಗ್ಗಿರುವುದರಿಂದ ನಾಲ್ಕೈದು ಇಂಚು ಸಾಕು. ಅದಕ್ಕೇ ಕಲಿಯುವವರಿಗೆ ಉದ್ದ ಹೊಂದಿಸಬಹುದಾದ ಪ್ಯಾಡಲ್ ಅನುಕೂಲ. ಇನ್ನೊಂದು ಮಾತು. ಪ್ಯಾಡಲ್‌ನ ಅಗಲ ತುದಿ ಕೋಲಿಗೆ ನೇರವಾಗಿರದೆ ಸ್ವಲ್ಪ ಬಾಗಿರುತ್ತದೆ. ಆ ಬಾಗು ಮುಂದಕ್ಕೆ ಇರಬೇಕು. ಚಮಚದಂತೆ ನೀರನ್ನು ತೋಡಬೇಕು ಅನ್ನಿಸಿ ಎಲ್ಲರೂ ಮೊದಲ ದಿನ ಉಲ್ಟಾ ಹಿಡಿಯುತ್ತಾರೆ. ನಾವು ನಾಲ್ವರೂ ಹಿಡಿದಿದ್ದೆವು.

ಲೀಶ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡವೇ ಬೇಡ. ಅಲೆಗೆ ಹೋಗುವಾಗ ಬೋರ್ಡಿನಷ್ಟೇ ಉದ್ದದ, ನೇರವಾದ ಲೀಶ್ ಕಾಲಿಗೆ ಕಟ್ಟಬೇಕು. ಸುರುಳಿ ಲೀಶ್ ಅಲೆಯಲ್ಲಿ ಸ್ಪ್ರಿಂಗ್‌ನಂತೆ ಬೋರ್ಡನ್ನು ನಮ್ಮತ್ತಲೇ ಎಳೆದು ತರುತ್ತದೆ. ಅದು ನಿಂತ ನೀರಿಗೆ ಸರಿ. ಹೊಳೆ ಹರಿಯುವ ಕಡೆ ಲೆಕ್ಕ ಮತ್ತೆ ಬೇರೆ. ಸಸಿಹಿತ್ಲಿನಲ್ಲಿ ಶಾಂಭವಿ, ನಂದಿನಿ ನದಿಗಳು ಕೂಡಿ ಸಮುದ್ರ ಸೇರುತ್ತವೆ. ಕೋಡಿ ಬೆಂಗ್ರೆಯಲ್ಲೂ ಅಳಿವೆ ಇದೆ. ಇಂಥ ಕಡೆ ಇಳಿತದ ಹೊತ್ತಿಗೆ ಸೆಳೆತ ಜೋರು. ಅಲ್ಲಿ ಕಾಲಿಗೆ ಕಟ್ಟಿದ ಲೀಶ್ ಕಂಬಕ್ಕೋ ಬಲೆಯ ಗೂಟಕ್ಕೋ ಸಿಕ್ಕಿಕೊಂಡರೆ ಬಗ್ಗಿ ಬಿಡಿಸಿಕೊಳ್ಳಲು ನೀರು ಬಿಡುವುದಿಲ್ಲ. ಸೊಂಟಕ್ಕೆ ಕಟ್ಟುವ, ಒಂದೇ ಎಳೆತಕ್ಕೆ ಕಳಚುವ ಲೀಶ್ ಬೇಕು. ಹೊಸಬರು ಅಳಿವೆಯ ಬಾಯಿಗೆ ಹೋಗದಿರುವುದೇ ಮೇಲು.

ಎಲ್ಲಕ್ಕಿಂತ ಮೊದಲು ಈಜು. ಈಜು ಬಾರದವರು ಜಾಕೆಟ್ ಹಾಕಿಕೊಂಡರೂ ಅಲೆಗೆ ಇಳಿಯಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ ಕಡಲು ಕಲಿಯುವವರದ್ದಲ್ಲ. ಯಾಂತ್ರೀಕೃತ ದೋಣಿಗಳೇ ಜೂನ್, ಜುಲೈಯಲ್ಲಿ ದಡ ಸೇರಿರುತ್ತವೆ. ಉಳಿದ ತಿಂಗಳಲ್ಲೂ ಬೆಳಗ್ಗೆ ಬೇಗ ಹೋಗಿ. ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಎದ್ದು ನೀರು ಕಲಕುತ್ತದೆ. ನಿಂತವನ ಮೈಯೇ ಹಾಯಿಯಂತೆ ಆಗುತ್ತದೆ.

ಈಗ ನನ್ನ ವಾದಕ್ಕೆ ಬರುತ್ತೇನೆ. ಇಷ್ಟು ಓದಿದ ಮೇಲೂ ಬೋರ್ಡ್ ಕೊಳ್ಳಬೇಡಿ! ಮೊದಲು ತರಬೇತಿ ಇರುವ ಕಡೆ ನಾಲ್ಕೈದು ಸಲ ಬಾಡಿಗೆಗೆ ಪಡೆದು ನಿಂತು ನೋಡಿ. ಕೈಯಲ್ಲಿರುವ ಹಣವನ್ನು ಪಾಠಕ್ಕೆ, ಆಮೇಲೆ ಲೀಶ್‌ಗೆ, ಆಮೇಲೆ ಪ್ಯಾಡಲ್‌ಗೆ ಹಾಕಿ. ಬೋರ್ಡ್ ಕೊನೆಯದು. ನಾವು ಇದನ್ನು ತಲೆಕೆಳಗು ಮಾಡಿ ಇಡೀ ಹಣವನ್ನು ಬೋರ್ಡ್‌ಗೆ ಸುರಿದು, ಲೀಶ್ ಹಳೆಯದಾದರೂ ನಡೆಯುತ್ತದೆ ಎಂದುಕೊಂಡೆವು. ಆ ಮಗುವಿನ ಮುಖ ನೆನಪಾದಾಗ ಈಗಲೂ ಹೊಟ್ಟೆ ತೊಳಸುತ್ತದೆ.

'ಇದು ದುಡ್ಡಿರುವವರ ಆಟ' ಎಂದು ಅಮ್ಮ ಹೇಳಿದ್ದಳು. ಒಬ್ಬೊಬ್ಬರೂ ಒಂದೊಂದು ಕೊಂಡರೆ ಹೌದು. ಕ್ರಿಕೆಟ್ ಕಿಟ್ಟನ್ನೂ ನಾವ್ಯಾರೂ ಸ್ವಂತಕ್ಕೆ ಕೊಂಡವರಲ್ಲ, ಕಾಲೇಜಿನದ್ದು ಬಳಸಿದವರೇ. ಕರಾವಳಿಯ ಕಾಲೇಜುಗಳ ಕ್ರೀಡಾ ವಿಭಾಗದಲ್ಲಿ ಬ್ಯಾಟು, ವಾಲಿಬಾಲ್ ನೆಟ್ಟಿನ ಜೊತೆಗೆ ನಾಲ್ಕು ಅಗಲ ಬೋರ್ಡ್ ಯಾಕಿರಬಾರದು? ಸ್ಥಳೀಯ ತರಬೇತುದಾರರ ಜೊತೆ ಒಪ್ಪಂದ ಮಾಡಿಕೊಂಡು, ಈಜು ಪರೀಕ್ಷೆ ಪಾಸಾದವರನ್ನು ಶನಿವಾರ ಬೆಳಗ್ಗೆ ನೀರಿಗಿಳಿಸಲಿ. ಅಗಲ ಬೋರ್ಡ್ 50 ಕಿಲೋದವರಿಗೂ ಆಗುತ್ತದೆ, 75 ಕಿಲೋದವರಿಗೂ ಆಗುತ್ತದೆ. ಹಂಚಿಕೊಳ್ಳಲು ಅದಕ್ಕಿಂತ ಒಳ್ಳೆಯದಿಲ್ಲ. ಚೂಪು ಮೂತಿಯ 95 ಲೀಟರ್ ಬೋರ್ಡ್‌ನಿಂದ ಈ ಉಪಕಾರ ಆಗುವುದಿಲ್ಲ. ಕಡಲ ಹತ್ತಿರ ಹೋಗಬೇಡಿ ಎಂದು ನೋಟಿಸ್ ಬೋರ್ಡ್‌ನಲ್ಲಿ ಅಂಟಿಸುವುದಕ್ಕಿಂತ, ಕಡಲಿಗೆ ಹೇಗೆ ಹೋಗಬೇಕು ಎಂದು ಕಲಿಸುವುದರಿಂದ ಹೆಚ್ಚು ಜೀವ ಉಳಿದೀತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಲ್ಲಿ ತಿರುಗಿಸಿ ಹೇಳಬೇಕು. ಕಾಲಿಗೆ ತಕ್ಕ ಹಾಸಿಗೆ ಆರಿಸಿಕೊಳ್ಳಿ. ಹೊಸಬ ಎಂದು ಒಪ್ಪಿಕೊಳ್ಳಲು ನಮಗೆ ನಾಚಿಕೆ. ಆ ನಾಚಿಕೆಗೇ ನಾವು 24 ಸಾವಿರ ತೆತ್ತೆವು.

ಆ ಬೋರ್ಡನ್ನು ಕೊನೆಗೆ 15 ಸಾವಿರಕ್ಕೆ, ಸರ್ಫಿಂಗ್ ಬಲ್ಲ ಒಬ್ಬರಿಗೆ ಮಾರಿದೆವು. ನಮ್ಮೆದುರೇ ಅದರ ಮೇಲೆ ನಿಂತು ಅಲೆ ಏರಿ ಹೋದರು. ಬೋರ್ಡ್‌ನಲ್ಲಿ ತಪ್ಪಿರಲಿಲ್ಲ ಎಂಬುದು ಆಗ ಕಣ್ಣಿಗೆ ಕಂಡಿತು. ಮುಂದಿನ ಭಾನುವಾರ ಹತ್ತೂವರೆ ಅಡಿಯ ಬಾಡಿಗೆ ಬೋರ್ಡ್ ಪಡೆದು, ಲೀಶ್ ಎರಡು ಸಲ ಎಳೆದು ನೋಡಿ, ಜನ ಇಲ್ಲದ ಕಡೆ ನೀರಿಗಿಳಿದೆ. ಮೊಣಕಾಲೆತ್ತರದ ಒಂದು ಅಲೆ ನನ್ನನ್ನು ನಿಲ್ಲಿಸಿಕೊಂಡು ದಡದವರೆಗೆ ತಂದಿತು. ಹತ್ತು ಸೆಕೆಂಡ್ ಇರಬಹುದು. ಬಲೆಯ ಅಣ್ಣ ಅಲ್ಲೇ ಇದ್ದರು. "ಇವತ್ತು ಹಗ್ಗ ಉಂಟಾ?" ಎಂದರು. ಕಾಲೆತ್ತಿ ತೋರಿಸಿದೆ.