ಪೈರೇಟ್ಸ್ ಎಂದರೆ ಯಾರು?

ಅಮೆರಿಕದ ಪಿಟ್ಸ್‌ಬರ್ಗ್ ಊರಿನ ಬೇಸ್‌ಬಾಲ್ ತಂಡ ಪೈರೇಟ್ಸ್. ಅದು ಆಡುವ ಪಿಎನ್‌ಸಿ ಪಾರ್ಕ್ ಕ್ರೀಡಾಂಗಣದ ಹೊರಗೆ ನಾಲ್ವರು ಆಟಗಾರರ ಪ್ರತಿಮೆಗಳಿವೆ. ಹೋನಸ್ ವ್ಯಾಗ್ನರ್, ರೊಬೆರ್ಟೊ ಕ್ಲೆಮೆಂಟೆ, ವಿಲ್ಲಿ ಸ್ಟಾರ್ಜೆಲ್, ಬಿಲ್ ಮ್ಯಾಜರಾಸ್ಕಿ. ಈ ನಾಲ್ವರಲ್ಲಿ ಒಬ್ಬನತ್ತ ಮಾತ್ರ ಬೆರಳು ತೋರಿಸಿ ‘ತಂಡ ಎಂದರೆ ಇವನೇ’ ಎನ್ನಬೇಕಾಗಿ ಬಂದರೆ ಯಾರನ್ನು ಆರಿಸಬೇಕು? ಯಾರು ದೊಡ್ಡ ಆಟಗಾರ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ದಾಖಲೆ ಪುಸ್ತಕ ಸಾಕು. ತಂಡದ ಸ್ವಭಾವ ಯಾರಲ್ಲಿ ಮೈದಾಳಿದೆ ಎಂದು ಕೇಳಿದರೆ ದಾಖಲೆ ಪುಸ್ತಕ ಮಡಚಿಟ್ಟು ಊರಿನ ಚರಿತ್ರೆ ತೆರೆಯಬೇಕಾಗುತ್ತದೆ.

ದಾಖಲೆಯ ಮಾತಾದರೆ ವ್ಯಾಗ್ನರ್‌ನದೇ ಮೇಲುಗೈ. ನ್ಯಾಷನಲ್ ಲೀಗ್‌ನ ಬ್ಯಾಟಿಂಗ್ ಕಿರೀಟವನ್ನು ಎಂಟು ಸಲ ಗೆದ್ದವನು. 1936ರಲ್ಲಿ ಹಾಲ್ ಆಫ್ ಫೇಮ್‌ಗೆ ಬೇಬ್ ರೂತ್, ಟೈ ಕಾಬ್ ಜೊತೆ ಆಯ್ಕೆಯಾದ ಮೊದಲ ಐವರಲ್ಲಿ ಒಬ್ಬ. ಊರಿನ ಮಗನೂ ಹೌದು. ಜರ್ಮನಿಯಿಂದ ವಲಸೆ ಬಂದವರ ಮನೆಯಲ್ಲಿ, ಪಿಟ್ಸ್‌ಬರ್ಗ್ ಪಕ್ಕದಲ್ಲೇ ಹುಟ್ಟಿ, ಹುಡುಗನಾಗಿದ್ದಾಗಲೇ ಕಲ್ಲಿದ್ದಲು ಗಣಿಯಲ್ಲಿ ದುಡಿದವನು. ಉಕ್ಕಿನ ಊರಿಗೆ ಇದಕ್ಕಿಂತ ತಕ್ಕ ಮುಖ ಬೇಕೆ ಎನಿಸುತ್ತದೆ. ಆದರೆ ಅವನ ಕಾಲದ ಮೇಜರ್ ಲೀಗ್ ಕಪ್ಪು ಆಟಗಾರರನ್ನು ಬಾಗಿಲಾಚೆ ನಿಲ್ಲಿಸಿತ್ತು. 1930ರ ದಶಕದಲ್ಲೂ ಅದೇ ಊರಿನ ಕ್ರಾಫರ್ಡ್ಸ್ ಎಂಬ ಕಪ್ಪು ಆಟಗಾರರ ತಂಡದಲ್ಲಿ ಜಾಶ್ ಗಿಬ್ಸನ್‌ನಂಥ ದೈತ್ಯ ಆಡುತ್ತಿದ್ದ. ಪೈರೇಟ್ಸ್ ಅಂಗಿ ಅವನ ಮೈಗೇರಲಿಲ್ಲ. ಊರಿನ ಒಂದು ಭಾಗವನ್ನು ಹೊರಗಿಟ್ಟ ಕಾಲದ ನಾಯಕ ಇಡೀ ಊರಿನ ಮುಖವಾಗುವುದು ಕಷ್ಟ. ಅದರಲ್ಲಿ ವ್ಯಾಗ್ನರ್‌ನ ತಪ್ಪೇನೂ ಇಲ್ಲ.

ಮ್ಯಾಜರಾಸ್ಕಿಯ ಪರವಾಗಿ ಹೇಳಲು ಒಂದು ಹೊಡೆತವಿದೆ. 1960ರ ಅಕ್ಟೋಬರ್ 13, ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ, ಎದುರಿಗೆ ನ್ಯೂಯಾರ್ಕ್ ಯಾಂಕೀಸ್. ಒಂಬತ್ತನೇ ಇನಿಂಗ್ಸ್, ಸ್ಕೋರು 9–9. ಅವನು ಹೊಡೆದ ಚೆಂಡು ಫೋರ್ಬ್ಸ್ ಫೀಲ್ಡ್‌ನ ಗೋಡೆ ದಾಟಿತು, ಸರಣಿ ಅಲ್ಲಿಗೇ ಮುಗಿಯಿತು. ಆ ಮೈದಾನ ಕೆಡವಿ ಅರ್ಧ ಶತಮಾನ ಕಳೆದಿದೆ. ಉಳಿದಿರುವ ಗೋಡೆಯ ತುಂಡಿನ ಬಳಿ ಈಗಲೂ ಪ್ರತಿವರ್ಷ ಅದೇ ದಿನ ಜನ ಸೇರಿ ಅಂದಿನ ರೇಡಿಯೊ ವೀಕ್ಷಕ ವಿವರಣೆಯ ಧ್ವನಿಮುದ್ರಣ ಕೇಳುತ್ತಾರೆ. ಇವನೂ ಗಣಿ ಕಾರ್ಮಿಕನ ಮಗನೇ, ಮಾತು ಕಡಿಮೆ, ಸೆಕೆಂಡ್ ಬೇಸ್‌ನಲ್ಲಿ ಅವನಷ್ಟು ಚುರುಕಾದ ಕೈ ಇನ್ನೊಂದಿರಲಿಲ್ಲ. ನನಗೆ ತುಂಬ ಇಷ್ಟವಾದ ಆಟಗಾರ. ಆದರೆ ಊರು ಅವನಲ್ಲಿ ಒಂದು ಮಧ್ಯಾಹ್ನವನ್ನು ನೆನೆಯುತ್ತದೆ, ಅಷ್ಟೇ.

ಸ್ಟಾರ್ಜೆಲ್‌ನನ್ನು ಬಿಟ್ಟುಕೊಡುವುದು ಹೆಚ್ಚು ಕಷ್ಟ. 1979ರಲ್ಲಿ 39 ವರ್ಷದ ಆತ ಚೆನ್ನಾಗಿ ಆಡಿದವರ ಟೋಪಿಗೆ ಚಿನ್ನದ ಬಣ್ಣದ ನಕ್ಷತ್ರ ಹಂಚುತ್ತ, ಹುಡುಗರಿಂದ ‘ಪಾಪ್ಸ್’ ಎಂದು ಕರೆಸಿಕೊಳ್ಳುತ್ತ, ವರ್ಲ್ಡ್ ಸೀರೀಸ್ ಗೆಲ್ಲಿಸಿದ. ಇಪ್ಪತ್ತೊಂದು ಋತುಗಳು, ಒಂದೇ ತಂಡ. 2001ರ ಏಪ್ರಿಲ್ 9ರಂದು, ಹೊಸ ಕ್ರೀಡಾಂಗಣದಲ್ಲಿ ಋತುವಿನ ಮೊದಲ ಪಂದ್ಯವಿದ್ದ ದಿನವೇ ತೀರಿಕೊಂಡ. ಆದರೆ ಸ್ಟಾರ್ಜೆಲ್ ನಡೆಸಿದ ತಂಡವೆಂಬ ಆ ಮನೆಯನ್ನು ಕಟ್ಟಿದವನು ಬೇರೊಬ್ಬ.

ಕ್ಲೆಮೆಂಟೆ ಪೋರ್ಟೊರಿಕೊದ ಕರೊಲಿನಾ ಎಂಬ ಊರಿನವನು. 1954ರ ಋತುವಿನಲ್ಲಿ ಪೈರೇಟ್ಸ್ ಕಟ್ಟಕಡೆಯ ಸ್ಥಾನದಲ್ಲಿತ್ತು, ಹಾಗಾಗಿ ಆಟಗಾರರನ್ನು ಆರಿಸಿಕೊಳ್ಳುವ ಮೊದಲ ಹಕ್ಕು ಅದರದಾಗಿತ್ತು. ಹಿಂದೆ ಕಪ್ಪು ಆಟಗಾರ ಜಾಕಿ ರಾಬಿನ್‌ಸನ್‌ನನ್ನು ಡಾಡ್ಜರ್ಸ್ ತಂಡಕ್ಕೆ ತಂದು ಮೇಜರ್ ಲೀಗ್‌ನ ಬಾಗಿಲು ತೆರೆಸಿದ್ದ ಬ್ರಾಂಚ್ ರಿಕಿ ಆಗ ಪಿಟ್ಸ್‌ಬರ್ಗ್ ತಂಡದ ಆಡಳಿತದಲ್ಲಿದ್ದ. ಅದೇ ಡಾಡ್ಜರ್ಸ್‌ನ ಕಿರಿಯರ ತಂಡದಲ್ಲಿ ಮೂಲೆಗುಂಪಾಗಿದ್ದ ಹುಡುಗನನ್ನು ಎತ್ತಿಕೊಂಡ. ಬಂದವನು ಕಪ್ಪು ಮೈಬಣ್ಣದವನು, ಸ್ಪ್ಯಾನಿಷ್ ಮಾತಾಡುವವನು. ಪತ್ರಿಕೆಗಳು ಅವನ ಇಂಗ್ಲಿಷನ್ನು ಉಚ್ಚಾರದ ತೊಡಕುಗಳ ಸಮೇತ ಅಚ್ಚು ಮಾಡಿ ಗೇಲಿ ಮಾಡಿದವು. ಆಟಗಾರರ ಚಿತ್ರದ ಕಾರ್ಡುಗಳ ಮೇಲೆ ವರ್ಷಾನುಗಟ್ಟಲೆ ‘ಬಾಬ್ ಕ್ಲೆಮೆಂಟೆ’ ಎಂದೇ ಮುದ್ರಿಸಿದರು. ತನ್ನ ಹೆಸರು ರೊಬೆರ್ಟೊ ಎಂದು ಅವನು ಹೇಳುತ್ತಲೇ ಹೋದ. ಬೆನ್ನುನೋವು ಎಂದರೆ ನೆಪ ಹೇಳುತ್ತಾನೆ ಎಂದರು. 1960ರಲ್ಲಿ ತಂಡ ಗೆದ್ದಾಗ ಅತ್ಯುತ್ತಮ ಆಟಗಾರನ ಮತದಾನದಲ್ಲಿ ಅವನಿಗೆ ಸಿಕ್ಕಿದ್ದು ಎಂಟನೇ ಸ್ಥಾನ. ಆ ಗಾಯ ಅವನಲ್ಲಿ ಕೊನೆಯವರೆಗೂ ಉಳಿಯಿತು.

ಅವನ ಆಟದಲ್ಲಿ ಒಂದು ಬಗೆಯ ಹಟವಿತ್ತು. ಬ್ಯಾಟಿಂಗ್‌ಗೆ ನಿಲ್ಲುವ ಮೊದಲು ಕತ್ತನ್ನು ಆಚೆ ಈಚೆ ತಿರುಗಿಸಿ ನೋವು ಸಡಿಲಿಸಿಕೊಳ್ಳುತ್ತಿದ್ದ. ನಿಂತ ಮೇಲೆ ದೂರದ ಚೆಂಡಿಗೂ ಮೈಯೆಲ್ಲ ಚಾಚಿ ಬ್ಯಾಟು ಬೀಸುತ್ತಿದ್ದ. ಸಲೀಸಾದ ಕ್ಯಾಚುಗಳನ್ನು ಸೊಂಟದ ಮಟ್ಟದಲ್ಲಿ ಗ್ಲೌಸನ್ನು ಬೊಗಸೆ ಮಾಡಿ ಹಿಡಿಯುತ್ತಿದ್ದ. ನಿಜವಾಗಿ ನೋಡಬೇಕಾದದ್ದು ರೈಟ್ ಫೀಲ್ಡ್‌ನ ಮೂಲೆಯಿಂದ ಅವನು ಎಸೆಯುವ ಚೆಂಡನ್ನು. ಗೋಡೆಗೆ ಬಡಿದು ಬಂದ ಚೆಂಡನ್ನು ಹಿಡಿದು, ಗರ್ರನೆ ತಿರುಗಿ, ಮೈದಾನದ ಅಡ್ಡಕ್ಕೆ ಥರ್ಡ್ ಬೇಸ್‌ನ ತನಕ ಎಸೆಯುತ್ತಿದ್ದ. ಓಡುತ್ತಿದ್ದವನು ಅರ್ಧ ದಾರಿಯಲ್ಲಿ ನಿಂತುಬಿಡುತ್ತಿದ್ದ. ಹಾಗೆ ಎಸೆದು ಔಟು ಮಾಡಿಸುವುದರಲ್ಲಿ ಐದು ಋತುಗಳಲ್ಲಿ ಅವನೇ ಲೀಗ್‌ಗೆ ಮೊದಲಿಗ.

ಗೇಲಿಗೊಳಗಾದ ಇಂಥವನೇ ಮನಸ್ಸಿನಲ್ಲಿ ಉಳಿಯುವುದನ್ನು ಕಂಡಾಗ ಪಂಪ ನೆನಪಾಗುತ್ತಾನೆ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿ ‘ವಿಕ್ರಮಾರ್ಜುನ ವಿಜಯ’ ಬರೆದ ಕವಿ, ಹುಟ್ಟಿನ ಕಾರಣಕ್ಕೆ ತುಂಬಿದ ಸಭೆಯಲ್ಲಿ ಮಾತು ಕೇಳಬೇಕಾಗಿ ಬಂದ ಕರ್ಣನಿಗೆ ಮನಸೋತ. ಕಥಾನಾಯಕ ಅರ್ಜುನನೇ, ಓದಿ ಮುಗಿಸಿದವರ ಎದೆಯಲ್ಲಿ ಉಳಿಯುವವನು ಕರ್ಣ.

ಕ್ಲೆಮೆಂಟೆಗೆ ‘ತಂಡ ಎಂದರೆ ಇವನೇ’ ಎಂಬ ಪಟ್ಟ ಕಟ್ಟಿದ್ದು ಅವನ ಸಾವು ಎನ್ನುವವರಿದ್ದಾರೆ. 1972ರ ಡಿಸೆಂಬರ್ 23ರಂದು ನಿಕರಾಗುವದ ಮನಾಗುವ ನಗರ ಭೂಕಂಪಕ್ಕೆ ತುತ್ತಾಯಿತು. ಕಳಿಸಿದ ನೆರವು ಸಂತ್ರಸ್ತರಿಗೆ ತಲುಪುತ್ತಿಲ್ಲವೆಂದು ತಿಳಿದು, ವರ್ಷದ ಕೊನೆಯ ರಾತ್ರಿ ಕ್ಲೆಮೆಂಟೆ ತಾನೇ ಸಾಮಗ್ರಿಯ ಜೊತೆ ಹೊರಟ. ಮಿತಿಮೀರಿ ಭಾರ ಹೇರಿದ್ದ ಹಳೆಯ ವಿಮಾನ ಸ್ಯಾನ್ ವಾನ್ ಬಿಟ್ಟ ಕೆಲವೇ ನಿಮಿಷಗಳಲ್ಲಿ ಸಮುದ್ರಕ್ಕೆ ಬಿತ್ತು. 38 ವರ್ಷ. ದೇಹ ಸಿಗಲಿಲ್ಲ. ಐದು ವರ್ಷ ಕಾಯುವ ನಿಯಮವನ್ನು ಬದಿಗಿಟ್ಟು 1973ರಲ್ಲೇ ಅವನನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಇಂಥ ಸಾವು ಯಾರನ್ನಾದರೂ ದೇವರ ಕೋಣೆಗೆ ಸೇರಿಸುತ್ತದೆ, ನಿಜ. ಅದಕ್ಕೆ ಮೂರು ತಿಂಗಳ ಮೊದಲು, ಸೆಪ್ಟೆಂಬರ್ 30ರಂದು, ಅವನು ಮೂರು ಸಾವಿರನೇ ಹಿಟ್ ಬಾರಿಸಿದಾಗ ತಂಡದ ಆಗಿನ ದೊಡ್ಡ ಕ್ರೀಡಾಂಗಣದಲ್ಲಿದ್ದವರು ಹದಿಮೂರು ಸಾವಿರ ಚಿಲ್ಲರೆ ಜನ. ನಿಯಮಿತ ಋತುವಿನ ಪಂದ್ಯಗಳಲ್ಲಿ ಅದೇ ಅವನ ಕೊನೆಯ ಹಿಟ್ ಎಂದು ಯಾರಿಗೆ ಗೊತ್ತಿತ್ತು? ಬದುಕಿದ್ದಾಗ ಊರು ಅವನನ್ನು ಪೂರ್ತಿಯಾಗಿ ತನ್ನವನೆಂದುಕೊಂಡಿರಲಿಲ್ಲ ಎಂಬ ವಾದಕ್ಕೆ ಈ ಖಾಲಿ ಕುರ್ಚಿಗಳು ಸಾಕ್ಷಿ ಎನ್ನಬಹುದು.

ಆದರೂ ನನ್ನ ಮತ ಅವನಿಗೇ. ಸಾವನ್ನು ಪಕ್ಕಕ್ಕಿಟ್ಟು ನೋಡಿದರೂ ಅವನಿಗೇ. 1971ರ ಸೆಪ್ಟೆಂಬರ್ 1ರಂದು ಫಿಲಡೆಲ್ಫಿಯಾ ವಿರುದ್ಧ ಮ್ಯಾನೇಜರ್ ಡ್ಯಾನಿ ಮರ್ಟಾ ಇಳಿಸಿದ ಒಂಬತ್ತು ಮಂದಿಯೂ ಕಪ್ಪು ಅಥವಾ ಲ್ಯಾಟಿನ್ ಮೂಲದ ಆಟಗಾರರು. ಮೇಜರ್ ಲೀಗ್ ಇತಿಹಾಸದಲ್ಲಿ ಅದೇ ಮೊದಲು. ಸ್ಟಾರ್ಜೆಲ್ ಇದ್ದ, ಪನಾಮಾದ ಮ್ಯಾನಿ ಸ್ಯಾಂಗಿಯೆನ್ ಇದ್ದ. ಕ್ಲೆಮೆಂಟೆ ಎಂದಿನಂತೆ ರೈಟ್ ಫೀಲ್ಡ್‌ನಲ್ಲಿದ್ದ. 10–7ರಿಂದ ಗೆದ್ದರು. ಹದಿನಾರು ವರ್ಷ ಹಿಂದೆ ಒಂಟಿಯಾಗಿ ಬಂದವನ ಸುತ್ತ ಈಗ ಇಡೀ ತಂಡವೇ ಅವನಂಥವರಿಂದ ತುಂಬಿಕೊಂಡಿತ್ತು. ಮರು ತಿಂಗಳು ಬಾಲ್ಟಿಮೋರ್ ವಿರುದ್ಧದ ವರ್ಲ್ಡ್ ಸೀರೀಸ್‌ನ ಏಳೂ ಪಂದ್ಯಗಳಲ್ಲಿ ಅವನು ಹಿಟ್ ಹೊಡೆದ. ಸರಾಸರಿ .414. ಕೊನೆಯ ಪಂದ್ಯವನ್ನು 2–1ರಿಂದ ಗೆದ್ದಾಗ ಅದರಲ್ಲೊಂದು ರನ್ ಅವನ ಹೋಮ್ ರನ್. ಡ್ರೆಸಿಂಗ್ ರೂಮಿನಲ್ಲಿ ದೇಶವೇ ನೋಡುತ್ತಿದ್ದ ಟೀವಿಯ ಮುಂದೆ ಮೈಕು ಹಿಡಿದಾಗ ಮೊದಲು ಸ್ಪ್ಯಾನಿಷ್‌ನಲ್ಲಿ ತನ್ನ ಅಪ್ಪ ಅಮ್ಮನ ಆಶೀರ್ವಾದ ಬೇಡಿದ. ಯಾರ ಮಾತನ್ನು ಗೇಲಿ ಮಾಡಿದ್ದರೋ ಅವನು ಅಂದು ಪಿಟ್ಸ್‌ಬರ್ಗ್ ಪರವಾಗಿ ತನ್ನ ಮಾತಿನಲ್ಲೇ ಮಾತಾಡಿದ. ವ್ಯಾಗ್ನರ್ ಊರನ್ನು ಹೋಲುತ್ತಿದ್ದ. ಕ್ಲೆಮೆಂಟೆಯ ವಿಷಯದಲ್ಲಿ ತಂಡವೇ ಅವನನ್ನು ಹೋಲತೊಡಗಿತು.

ಪಿಎನ್‌ಸಿ ಪಾರ್ಕ್‌ನ ರೈಟ್ ಫೀಲ್ಡ್ ಗೋಡೆಯ ಎತ್ತರ 21 ಅಡಿ. ಅವನ ಅಂಗಿಯ ಸಂಖ್ಯೆ 21. 2025ರ ಋತುವಿನ ಆರಂಭದಲ್ಲಿ ಆ ಗೋಡೆಯ ಮೇಲಿದ್ದ ಅವನ ಗುರುತನ್ನು ತೆಗೆದು ಮದ್ಯದ ಜಾಹೀರಾತು ಹಾಕಿದರು. ಅಭಿಮಾನಿಗಳು ಗಮನಿಸಿದರು, ಕ್ಲೆಮೆಂಟೆಯ ಮನೆಯವರು ನೊಂದುಕೊಂಡರು. ತಂಡದ ಆಡಳಿತ ತಪ್ಪೊಪ್ಪಿಕೊಂಡು ಗುರುತನ್ನು ಮರಳಿ ಹಾಕಿತು. ಸಿಟ್ಟಾದವರಲ್ಲಿ ಬಹಳಷ್ಟು ಜನ ಅವನು ಆಡಿದ್ದನ್ನು ಕಣ್ಣಾರೆ ಕಂಡವರಿರಲಾರರು.

ಆ ನಾಲ್ವರೂ ಪಿಟ್ಸ್‌ಬರ್ಗ್‌ನಲ್ಲಿ ಹದಿನೇಳು ಋತುಗಳಿಗೆ ಕಡಿಮೆಯಿಲ್ಲದೆ ಆಡಿದವರು ಎಂಬುದನ್ನೂ ಮರೆಯಬಾರದು. ಆಮೇಲೆ ಬಂದವರಲ್ಲಿ ಬ್ಯಾರಿ ಬಾಂಡ್ಸ್ 1992ರ ನಂತರ ಹೊರಟುಹೋದ. ಆಂಡ್ರೂ ಮೆಕ್‌ಕಚನ್‌ನನ್ನು 2018ರಲ್ಲಿ ತಂಡವೇ ಬಿಟ್ಟುಕೊಟ್ಟಿತು, ಅವನು ಮರಳಿದ್ದು 2023ರಲ್ಲಿ. ಈಗ ಪಾಲ್ ಸ್ಕೀನ್ಸ್ ಇದ್ದಾನೆ, 2025ರಲ್ಲಿ ಲೀಗ್‌ನ ಅತ್ಯುತ್ತಮ ಪಿಚರ್ ಎನಿಸಿಕೊಂಡವನು. ಮಾಲೀಕರು ಅವನನ್ನು ಉಳಿಸಿಕೊಳ್ಳುವಷ್ಟು ಹಣ ಬಿಚ್ಚುತ್ತಾರೆಯೇ ಎಂದು ಊರಿನವರು ಈಗಲೇ ಕೇಳುತ್ತಿದ್ದಾರೆ.