ಮುಖಗವಸೂ ಪರವಾನಗಿಯೂ

"ಮಾಸ್ಕ್ ಬಂದ ಮ್ಯಾಲ ಮಂದಿಗಿ ಅಂಜಿಕಿನೇ ಇಲ್ಲದಂಗ ಆಗ್ಯಾದ" ಎಂಬ ಮಾತನ್ನು, ಕೋವಿಡ್ ಮಹಾಮಾರಿಯ ಆ ಎರಡು ವರ್ಷಗಳಲ್ಲಿ, ನಮ್ಮ ಬೀದರ ಜಿಲ್ಲೆಯ ಕೊಳಾರದ ಕೈಗಾರಿಕಾ ಪ್ರದೇಶದ ಚಹದ ಅಂಗಡಿಗಳಿಂದ ಹಿಡಿದು ಭಾಲ್ಕಿ, ಔರಾದಗಳ ಬಸ್ ನಿಲ್ದಾಣಗಳವರೆಗೆ ಕೇಳದವರು ವಿರಳ. ಹೇಳಿದವರು ಮೂಢರೂ ಅಲ್ಲ, ದುರುದ್ದೇಶದವರೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಏಪ್ರಿಲ್ 6ರ ತನ್ನ ಮಾರ್ಗದರ್ಶನದಲ್ಲಿ, ಮುಖಗವಸು ಸಾಮಾನ್ಯ ಜನರಲ್ಲಿ ಸುರಕ್ಷತೆಯ ಮಿಥ್ಯಾಭಾವವನ್ನು ಹುಟ್ಟಿಸಿ, ಕೈ ತೊಳೆಯುವುದು, ದೂರ ನಿಲ್ಲುವುದು ಮೊದಲಾದ ಬೇರೆ ನಿಯಮಗಳನ್ನು ಮರೆಯಿಸೀತೆಂಬ ಶಂಕೆಯನ್ನು ಪ್ರಕಟಿಸಿತ್ತು. ಎರಡು ತಿಂಗಳು ಕಳೆದು ಜೂನ್ 5ರಂದು, ಅಂತರ ಪಾಲಿಸಲಾಗದ ಸ್ಥಳಗಳಲ್ಲಿ ಬಟ್ಟೆಯ ಮುಖಗವಸನ್ನಾದರೂ ಧರಿಸುವುದು ಯುಕ್ತವೆಂದು ತನ್ನ ಅಭಿಪ್ರಾಯವನ್ನು ತಿದ್ದಿಕೊಂಡಿತು. ವ್ಯಾಧಿಯ ವೇಗ ಎಷ್ಟಿದ್ದಿತೆಂಬುದನ್ನು ಬಲ್ಲವರಿಗೆ ಆ ಎರಡು ತಿಂಗಳ ಬೆಲೆ ತಿಳಿದೀತು.

ಈ ಶಂಕೆಯ ವಂಶವೃಕ್ಷ ದೀರ್ಘವಾದದ್ದು. 1975ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್, ಮೋಟಾರು ವಾಹನಗಳಿಗೆ ಸೀಟ್ ಬೆಲ್ಟ್ ಮುಂತಾದ ರಕ್ಷಣೋಪಾಯಗಳನ್ನು ಕಡ್ಡಾಯಗೊಳಿಸಿದುದರಿಂದ ಚಾಲಕರು ನಿರ್ಭಯರಾಗಿ ವೇಗವನ್ನು ಹೆಚ್ಚಿಸಿದರೆಂದೂ, ಒಳಗಿನವರಿಗೆ ದೊರೆತ ಲಾಭವನ್ನು ಪಾದಚಾರಿಗಳು ನಷ್ಟವಾಗಿ ಭರಿಸಬೇಕಾಯಿತೆಂದೂ ವಾದಿಸಿದನು. ವಾದ ಚಮತ್ಕಾರದ್ದು; ಆದರೆ ಮುಂದಿನ ದಶಕಗಳಲ್ಲಿ ಸೀಟ್ ಬೆಲ್ಟ್ ಉಳಿಸಿದ ಪ್ರಾಣಗಳ ಲೆಕ್ಕದ ಎದುರು ಅದು ಬಹಳ ದುರ್ಬಲವಾಯಿತು. 2020ರ ಜುಲೈಯಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜಿನ ಮೂವರು ವಿದ್ವಾಂಸರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂತಹ ವಾದಗಳ ಬಗೆಗಿನ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಜನಾರೋಗ್ಯಕ್ಕೆ ಅಪಾಯಕರವಾದದ್ದು ಜನರ ಕಲ್ಪಿತ ಅಜಾಗರೂಕತೆಗಿಂತ ಹೆಚ್ಚಾಗಿ ಆ ಕಲ್ಪನೆಯೇ ಎಂಬ ನಿರ್ಣಯಕ್ಕೆ ಬಂದರು.

ನನಗೆ ಇವೆಲ್ಲಕ್ಕಿಂತ ಮನವರಿಕೆಯಾದದ್ದು ಬಾಂಗ್ಲಾದೇಶದ ಪ್ರಯೋಗ. ಏಕೆಂದರೆ ಅಲ್ಲಿಯ ಹಳ್ಳಿಯ ಜೀವನ ನಮ್ಮದಕ್ಕೆ ಸಮೀಪವಾದದ್ದು. 2020ರ ನವೆಂಬರಿನಿಂದ ಮುಂದಿನ ಏಪ್ರಿಲಿನವರೆಗೆ 600 ಹಳ್ಳಿಗಳಲ್ಲಿ, ಸುಮಾರು 3.4 ಲಕ್ಷ ವಯಸ್ಕರ ನಡುವೆ ಅದು ನಡೆಯಿತು. ಅರ್ಧದಷ್ಟು ಹಳ್ಳಿಗಳಲ್ಲಿ ಮುಖಗವಸನ್ನು ಉಚಿತವಾಗಿ ಹಂಚಿ, ಊರಿನ ಹಿರಿಯರಿಂದಲೂ ಮಸೀದಿಯ ಇಮಾಮರಿಂದಲೂ ಹೇಳಿಸಿ, ದಾರಿಯಲ್ಲಿ ನಿಂತು ನೆನಪಿಸಿದರು. ಧರಿಸುವವರ ಪ್ರಮಾಣ ನೂರಕ್ಕೆ 13ರಿಂದ 42ಕ್ಕೆ ಏರಿತು. ಇಷ್ಟು ಜನ ಮುಖ ಮುಚ್ಚಿಕೊಂಡ ಮೇಲೆ, ನಮ್ಮ ಚಹದ ಅಂಗಡಿಯ ತರ್ಕದ ಪ್ರಕಾರ, ಅವರು ಒಬ್ಬರ ಮೇಲೊಬ್ಬರು ಬಿದ್ದು ನಡೆಯಬೇಕಾಗಿತ್ತು. ನಡೆದುದು ಅದರ ವಿಪರ್ಯಾಸ: ಅಂತರವಿಟ್ಟು ನಿಲ್ಲುವವರ ಪ್ರಮಾಣವೂ 24ರಿಂದ 29ಕ್ಕೆ ಏರಿತು. ಎದುರಿಗಿದ್ದವನ ಮುಚ್ಚಿದ ಮುಖವನ್ನು ಕಂಡವನಿಗೆ ವ್ಯಾಧಿಯ ನೆನಪು ಮರಳುತ್ತದೆ, ಆ ನೆನಪು ಅವನನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸುತ್ತದೆಯೆಂದು ನಾನು ಭಾವಿಸುತ್ತೇನೆ.

ಪ್ರತಿಪಕ್ಷಕ್ಕೂ ಸಾಕ್ಷ್ಯವಿಲ್ಲದಿಲ್ಲ. ಮುಖಗವಸಿನ ಆಜ್ಞೆ ಹೊರಟ ಅಮೆರಿಕದ ರಾಜ್ಯಗಳಲ್ಲಿ ಜನರು ದಿನಕ್ಕೆ 11ರಿಂದ 24 ನಿಮಿಷಗಳಷ್ಟು ಕಡಿಮೆ ಕಾಲ ಮನೆಯಲ್ಲಿದ್ದರೆಂದೂ, ಹೋಟೆಲುಗಳಿಗೆ ಹೆಚ್ಚಾಗಿ ಹೋದರೆಂದೂ 2021ರ ಒಂದು ಅಧ್ಯಯನ ತೋರಿಸಿತು. ಇದನ್ನು ಅಲ್ಲಗಳೆಯಬೇಕಾಗಿಲ್ಲ. ಕೊಪ್ಪೆ ಹಾಕಿಕೊಂಡ ಒಕ್ಕಲಿಗ ಜಿಟಿಜಿಟಿ ಮಳೆಯಲ್ಲಿ ಹೊಲಕ್ಕೆ ಹೋದರೆ ಅದು ಕೊಪ್ಪೆ ಹುಟ್ಟಿಸಿದ ದುಸ್ಸಾಹಸವಲ್ಲ. ಹೋಗಲೇಬೇಕಾದ ಕೆಲಸಕ್ಕಾಗಿಯೇ ಕೊಪ್ಪೆ ಇರುವುದು. ಆದರೆ ಹೋಟೆಲಿನ ಮಾತು ಬೇರೆ: ಅಲ್ಲಿ ಮುಖಗವಸನ್ನು ಧರಿಸಿ ಒಳಹೊಕ್ಕವನು ಉಣ್ಣುವುದಕ್ಕಾಗಿ ಅದನ್ನು ತೆಗೆದಿಡುತ್ತಾನೆ. ನಮ್ಮ ಸೀಮೆಯ ಮದುವೆಗಳಲ್ಲಿ ಆದುದೂ ಇದೇ. ಬಾಗಿಲಲ್ಲಿ ದಸ್ತಿಯೋ ಸೆರಗೋ ಮೂಗಿನ ಮೇಲಿದ್ದರೂ, ಊಟದ ಪಂಗ್ತಿಯಲ್ಲಿ ಮೊಣಕೈಗೆ ಮೊಣಕೈ ತಾಗುವಂತೆ ಕುಳಿತಾಗ ಎಲ್ಲರ ಬಾಯಿಯೂ ತೆರೆದೇ ಇರುತ್ತಿತ್ತು. ಧರಿಸಿದಷ್ಟು ಹೊತ್ತು ಮುಖಗವಸು ತನ್ನ ಕೆಲಸವನ್ನು ಮಾಡಿತು. ಅದನ್ನು ತೆಗೆಯಲೇಬೇಕಾದ ಕೂಟಕ್ಕೆ ಅದರ ಹೆಸರಿನಲ್ಲಿ ಒಪ್ಪಿಗೆ ಕೊಟ್ಟದ್ದು ಯಾರು ಎಂಬುದೇ ನನ್ನ ಪ್ರಶ್ನೆ.

ಈ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿಯೇ ಉತ್ತರವಿದೆ. ಕೋವಿಡ್‌ನಿಂದ ಭಾರತದಲ್ಲಿ ಸಂಭವಿಸಿದ ಮೊದಲ ಮರಣ, 2020ರ ಮಾರ್ಚ್ 10ರಂದು, ನೆರೆಯ ಕಲಬುರಗಿಯ ವೃದ್ಧರೊಬ್ಬರದು. ಆದುದರಿಂದ ಈ ವ್ಯಾಧಿಯ ಸ್ವರೂಪ ನಮಗೆ ದೂರದ ವಾರ್ತೆಯಾಗಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 24ರಂದು ಬಸವಕಲ್ಯಾಣದ ಶಾಸಕ ಬಿ. ನಾರಾಯಣರಾವ್ ಅವರು ಕೋವಿಡ್‌ಗೆ ಬಲಿಯಾದರು. ಅವರಿಂದ ತೆರವಾದ ಸ್ಥಾನಕ್ಕೆ 2021ರ ಏಪ್ರಿಲ್ 17ರಂದು, ಎರಡನೆಯ ಅಲೆ ಮೇಲೇಳುತ್ತಿದ್ದ ದಿನಗಳಲ್ಲಿ, ಉಪಚುನಾವಣೆ ನಡೆಯಿತು. ವ್ಯಾಧಿಯಿಂದ ಬರಿದಾದ ಆಸನವನ್ನು ತುಂಬುವುದಕ್ಕಾಗಿ ಅದೇ ವ್ಯಾಧಿಯ ನಡುವೆ ಜನರನ್ನು ಕರೆದು ಸೇರಿಸಲಾಯಿತೆಂಬುದನ್ನು ಬರೆಯುವಾಗ ಇಂದಿಗೂ ನನ್ನ ಮನಸ್ಸು ಕುದಿಯುತ್ತದೆ. ಚುನಾವಣಾ ಆಯೋಗ ಹಿಂದಿನ ಆಗಸ್ಟಿನಲ್ಲಿಯೇ ನಿಯಮಾವಳಿಯನ್ನು ರಚಿಸಿತ್ತು: ಮುಖಗವಸು ಕಡ್ಡಾಯ, ಜ್ವರಪರೀಕ್ಷೆ, ಯಂತ್ರದ ಗುಂಡಿ ಒತ್ತಲು ಕೈಗವಸು, ಮತಗಟ್ಟೆಯೊಂದಕ್ಕೆ 1500ರ ಬದಲು 1000 ಮತದಾರರು. ಮತಗಟ್ಟೆಯ ಮಟ್ಟಿಗೆ ಇವು ಒಳ್ಳೆಯ ಕ್ರಮಗಳೇ. ಆದರೆ ಮತದಾನ ಒಂದು ದಿನದ್ದು, ಪ್ರಚಾರ ವಾರಗಟ್ಟಲೆಯದು. ಮತಗಟ್ಟೆಯ ಕೈಗವಸು ಪ್ರಚಾರಸಭೆಯ ಉಸಿರನ್ನು ತಡೆಯಲಾರದು. ಮತದಾನದ ಹಿಂದಿನ ದಿನ, ಏಪ್ರಿಲ್ 16ರಂದು, ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಬಿ.ಎಸ್. ಯಡಿಯೂರಪ್ಪನವರಿಗೆ ಎರಡನೆಯ ಬಾರಿ ಸೋಂಕು ದೃಢಪಟ್ಟಿತು. ಮತದಾನವಾಗಿ ಹತ್ತು ದಿನ ಕಳೆದು, ಏಪ್ರಿಲ್ 27ರಿಂದ, ಇಡೀ ರಾಜ್ಯವೇ ಬಾಗಿಲು ಹಾಕಿಕೊಂಡಿತು.

ಮುಖಗವಸು ಧೈರ್ಯವನ್ನು ಕೊಟ್ಟಿದ್ದು ನಿಜವಾದರೆ, ಅದು ಕೊಟ್ಟದ್ದು ಧರಿಸಿದವನಿಗಲ್ಲ, ಸಹಿ ಹಾಕಿದವನಿಗೆ. "ಎಲ್ಲರೂ ಮಾಸ್ಕ್ ಧರಿಸತಕ್ಕದ್ದು" ಎಂಬ ಒಂದು ವಾಕ್ಯವನ್ನು ಪರವಾನಗಿಯ ಕೊನೆಗೆ ಸೇರಿಸಿದೊಡನೆ, ಕೊಡಬಾರದ ಪರವಾನಗಿಯೂ ಕೊಡಬಹುದಾದದ್ದೆನಿಸಿತು. ನಿಯಮ ಮುರಿದವನು ತೆರಬೇಕಾದ ದಂಡವಾದರೂ ಎಷ್ಟು? 2020ರ ಅಕ್ಟೋಬರಿನಲ್ಲಿ ಮಹಾನಗರಪಾಲಿಕೆಗಳಿಗೆ 1000 ರೂಪಾಯಿ, ಉಳಿದೆಡೆ 500 ರೂಪಾಯಿ ಎಂದು ಘೋಷಿಸಿದ ಸರ್ಕಾರ, ಜನರ ಪ್ರತಿಭಟನೆಗೆ ಮಣಿದು, ಕೆಲವೇ ದಿನಗಳಲ್ಲಿ ಅದನ್ನು 250 ಮತ್ತು 100ಕ್ಕೆ ಇಳಿಸಿತು. ಆ ಇಳಿಕೆ ನ್ಯಾಯವಾದದ್ದೇ. ದಿನಗೂಲಿಯವನ ಕೂಲಿಯನ್ನೆಲ್ಲ ದಂಡವಾಗಿ ಕಿತ್ತುಕೊಳ್ಳುವುದು ಆರೋಗ್ಯರಕ್ಷಣೆಯಲ್ಲ. ಆದರೆ ದಸ್ತಿ ಜಾರಿದ ಹಮಾಲನ ಕೈಗೆ ರಸೀದಿ ಬಂದಂತೆ, ಸಾವಿರಾರು ಜನರನ್ನು ಕರೆತಂದವರ ಕೈಗೆ ಎಲ್ಲಿಯೂ ರಸೀದಿ ಬಂದುದನ್ನು ನಾನು ಕಾಣಲಿಲ್ಲ. ಔರಾದ ತಾಲ್ಲೂಕಿನ ವನಮಾರಪಳ್ಳಿ ಚೆಕ್‌ಪೋಸ್ಟಿನಲ್ಲಿ ಮಹಾರಾಷ್ಟ್ರದಿಂದ ಬರುವವರ ನೆಗೆಟಿವ್ ವರದಿಯನ್ನು ನೋಡಿಯೇ ಒಳಬಿಡುತ್ತಿದ್ದ ಕಾಲದಲ್ಲೂ ಇಂತಹದೇ ಭ್ರಮೆಯೊಂದಿತ್ತು: 72 ಗಂಟೆಗಳೊಳಗಿನ ಕಾಗದ ಗಂಟಲದ್ರವ ಕೊಟ್ಟ ದಿನದ ಸಂಗತಿಯನ್ನಷ್ಟೇ ಹೇಳಬಲ್ಲದು, ಅನಂತರ ಹತ್ತಿದ ಬಸ್ಸಿನ ಸಂಗತಿಯನ್ನಲ್ಲ.

ಇನ್ನೊಂದು ಸಾಂಕ್ರಾಮಿಕ ಬಂದಾಗ, ಬಾರದಿರಲೆಂಬ ಪ್ರಾರ್ಥನೆಯೊಡನೆಯೇ ಹೇಳುತ್ತಿದ್ದೇನೆ, ಕೊಳಾರದ ಪಾಳಿಗೆ ಹೋಗುವ ಕಾರ್ಮಿಕನಿಗೆ ಮುಖಗವಸನ್ನು ಮೊದಲ ದಿನವೇ, ಉಚಿತವಾಗಿ, ಯಾವ ಶಂಕೆಯ ಉಪದೇಶವೂ ಇಲ್ಲದೆ ಕೊಡಬೇಕು. ಜೊತೆಗೆ ಅವನು ನಿಲ್ಲುವ ಶೆಡ್ಡಿನ ಕಿಟಕಿಗಳನ್ನು ತೆರೆಸಬೇಕು, ಅವನನ್ನು ಒಯ್ಯುವ ವಾಹನದಲ್ಲಿ ಜನರನ್ನು ಕಡಿಮೆ ಮಾಡಬೇಕು. ಸಭೆಗೂ ಜಾತ್ರೆಗೂ ಮದುವೆಗೂ ಕೊಡುವ ಪರವಾನಗಿಯಲ್ಲಿ, ಸ್ಥಳ ಬಯಲೋ ಮುಚ್ಚಿದ ಸಭಾಭವನವೋ, ಎಷ್ಟು ಜನ, ಎಷ್ಟು ಹೊತ್ತು, ಊಟವುಂಟೋ ಇಲ್ಲವೋ ಎಂಬುದನ್ನು ಮೊದಲು ಬರೆದು, ಇವುಗಳ ಮೇಲೆಯೇ ಒಪ್ಪಿಗೆಯನ್ನೋ ನಿರಾಕರಣೆಯನ್ನೋ ನಿರ್ಣಯಿಸಿ, ಮುಖಗವಸಿನ ಷರತ್ತನ್ನು ಅದಾದ ಬಳಿಕ ಸೇರಿಸಬೇಕು. ನಿಯಮ ಮೀರಿದರೆ ದಂಡದ ರಸೀದಿಯನ್ನು ಅರ್ಜಿ ಹಾಕಿದವನ ಹೆಸರಿಗೆ ಹರಿಯಬೇಕು.