ಮನೆ ಒಂದು ರಾಜ್ಯದಲ್ಲಿ, ಕೆಲಸ ಇನ್ನೊಂದರಲ್ಲಿ

ಆದಾಯತೆರಿಗೆಯು ಕೇಂದ್ರ ಸರ್ಕಾರಕ್ಕೆ ಸಲ್ಲತಕ್ಕುದು, ರಾಜ್ಯಕ್ಕೆ ನೌಕರನು ತನ್ನ ಸಂಬಳದಿಂದ ಕೊಡಬೇಕಾದುದು ವೃತ್ತಿತೆರಿಗೆಯೆಂಬ ಅಲ್ಪ ಮೊತ್ತವೊಂದೇ ಎಂಬ ವ್ಯವಸ್ಥೆಯಲ್ಲಿ ಬೆಳೆದು ಅಮೆರಿಕಕ್ಕೆ ತೆರಳಿದ ನಮ್ಮ ಜನರಿಗೆ, ಅಲ್ಲಿ ಒಂದೇ ವೇತನಕ್ಕಾಗಿ ಕೇಂದ್ರಕ್ಕೂ, ದುಡಿದ ರಾಜ್ಯಕ್ಕೂ, ವಾಸಿಸುವ ರಾಜ್ಯಕ್ಕೂ ಬೇರೆಬೇರೆಯಾಗಿ ಲೆಕ್ಕವನ್ನೊಪ್ಪಿಸಬೇಕಾಗಿ ಬಂದಾಗ ಆಗುವ ದಿಗ್ಭ್ರಮೆ ಸಹಜವಾದುದೇ. ರಾಜ್ಯವೇ ಆದಾಯತೆರಿಗೆ ವಿಧಿಸುವುದರಲ್ಲಿ 1911ರಲ್ಲಿ ವಿಸ್ಕಾನ್ಸಿನ್ ಹಾಕಿಕೊಟ್ಟ ಮೇಲ್ಪಂಕ್ತಿಯನ್ನು, ಟೆಕ್ಸಾಸ್, ಫ್ಲಾರಿಡಗಳಂತಹ ಕೆಲವನ್ನುಳಿದು, ಮಿಕ್ಕ ರಾಜ್ಯಗಳೆಲ್ಲ ಅನುಸರಿಸಿವೆ.

ನ್ಯೂಜೆರ್ಸಿಯಲ್ಲಿ ಮನೆಮಾಡಿ ಹಡ್ಸನ್ ನದಿಯಾಚೆಯ ನ್ಯೂಯಾರ್ಕಿಗೆ ನಿತ್ಯವೂ ಕೆಲಸಕ್ಕೆ ಹೋಗುವವನು, ಮೊದಲು ಅನಿವಾಸಿಯಾಗಿ ನ್ಯೂಯಾರ್ಕಿಗೆ ರಿಟರ್ನ್ ಸಲ್ಲಿಸಿ, ಅನಂತರ ನಿವಾಸಿಯಾಗಿ ನ್ಯೂಜೆರ್ಸಿಗೆ ಸಲ್ಲಿಸುವಾಗ ಅಲ್ಲಿ ತೆತ್ತುದನ್ನು ಇಲ್ಲಿ ಕಳೆದುಕೊಳ್ಳುತ್ತಾನೆ. ಆದರೆ ಅದೇ ಆದಾಯಕ್ಕೆ ನ್ಯೂಜೆರ್ಸಿ ವಿಧಿಸುವಷ್ಟನ್ನು ಮೀರಿದ ಭಾಗವು ದೊರೆಯದು. ಅವನೇ ಪೆನ್ಸಿಲ್ವೇನಿಯದಲ್ಲಿ ದುಡಿದರೆ, ಎರಡು ರಾಜ್ಯಗಳ ಪರಸ್ಪರ ಒಪ್ಪಂದದ ಫಲವಾಗಿ, ತನ್ನ ವೇತನಕ್ಕೆ ವಾಸಸ್ಥಳದ ರಾಜ್ಯತೆರಿಗೆಯನ್ನು ಮಾತ್ರ ತೆತ್ತರೆ ಸಾಕು. (ಫಿಲಡೆಲ್ಫಿಯ ನಗರದ ತೆರಿಗೆಯ ಮಾತು ಬೇರೆ; ಅದು ಇಲ್ಲಿ ಬೇಡ.)

ದುಡಿಮೆಯ ನೆಲಕ್ಕೆ ಪಾಲು ಕೊಡುವುದು ನ್ಯಾಯವೇ. ನ್ಯೂಯಾರ್ಕಿನ ಇನ್ನೊಂದು ನಿಯಮವನ್ನು ಮಾತ್ರ ನಾನು ಒಪ್ಪಲಾರೆ: ಉದ್ಯೋಗದಾತನ ಅವಶ್ಯಕತೆಗಲ್ಲದೆ ತನ್ನ ಅನುಕೂಲಕ್ಕಾಗಿ ಹೊರರಾಜ್ಯದ ಮನೆಯಲ್ಲಿ ಕುಳಿತು ನೌಕರನು ಕೆಲಸಮಾಡಿದ ದಿನಗಳನ್ನೂ ಅದು ತನ್ನಲ್ಲಿ ದುಡಿದ ದಿನಗಳೆಂದೇ ಎಣಿಸುತ್ತದೆ. ಕಾನೂನಿನ ಪ್ರಾಧ್ಯಾಪಕ ಎಡ್ವರ್ಡ್ ಜೆಲಿನ್ಸ್ಕಿಯವರು, ಕನೆಕ್ಟಿಕಟ್ಟಿನ ತಮ್ಮ ಮನೆಯಲ್ಲಿ ದುಡಿದ ದಿನಗಳ ವೇತನಕ್ಕೆ ನ್ಯೂಯಾರ್ಕ್ ತೆರಿಗೆ ಕೇಳಕೂಡದೆಂದು ವಾದಿಸಿ, 2003ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯದಲ್ಲಿ ಸೋತರು. ಕನೆಕ್ಟಿಕಟ್ಟಾದರೋ, ಆ ದುಡಿಮೆ ತನ್ನ ನೆಲದ್ದೆಂದು ಹೇಳಿ, ನ್ಯೂಯಾರ್ಕಿಗೆ ತೆತ್ತುದನ್ನು ಕಳೆಯಲೊಪ್ಪಲಿಲ್ಲ. ಮನೆಯ ಹೆಸರಿನಲ್ಲಿ ಕಳ್ಳಲೆಕ್ಕ ಬರೆಯುವವರನ್ನು ತಡೆಯಲೆಂದೇ ಈ ನಿಯಮ ಎಂಬ ಸಮರ್ಥನೆಯುಂಟು. ದಾಖಲೆ ಕೇಳಿ ಪರೀಕ್ಷಿಸುವ ಅಧಿಕಾರವುಳ್ಳ ಸರ್ಕಾರವು, ಕೆಲವರ ಕಪಟಕ್ಕಾಗಿ ಪ್ರಾಮಾಣಿಕರೆಲ್ಲರ ಮೇಲೂ ದಂಡ ಹೇರುವುದು ಸೋಮಾರಿ ಆಡಳಿತದ ಲಕ್ಷಣ. ನೌಕರನು ಯಾವ ನೆಲದಲ್ಲಿ ಕುಳಿತು ದುಡಿದನೋ ಆ ದಿನದ ತೆರಿಗೆ ಆ ನೆಲಕ್ಕೆ ಸಲ್ಲಲಿ.

ತೆರಿಗೆಯ ಲೆಕ್ಕಕ್ಕೆ ಭಾರತದ ನಿವಾಸಿಗಳಾಗಿಯೇ ಉಳಿದು, ವರ್ಷದಲ್ಲಿ ಕೆಲವು ತಿಂಗಳು ಅಲ್ಲಿ ದುಡಿದು ಬರುವ ನಮ್ಮವರಿಗೆ ಇನ್ನೊಂದು ತೊಡಕು: ಉಭಯ ದೇಶಗಳ ನಡುವಣ ದ್ವಿತೆರಿಗೆ ನಿವಾರಣಾ ಒಪ್ಪಂದವು ಅಮೆರಿಕದ ಕೇಂದ್ರತೆರಿಗೆಗೆ ಅನ್ವಯಿಸುವುದೇ ಹೊರತು ರಾಜ್ಯತೆರಿಗೆಗಳಿಗಲ್ಲ. ಹಾಗಿದ್ದೂ, 2015ರಲ್ಲಿ ವಿಪ್ರೊ ಸಂಸ್ಥೆಯ ಪ್ರಕರಣದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, 1961ರ ಆದಾಯತೆರಿಗೆ ಕಾಯಿದೆಯ 91ನೆಯ ಕಲಮಿನ ಅರ್ಥದೊಳಗೆ ಪರದೇಶದ ಒಂದು ಭಾಗದ ಸರ್ಕಾರ ವಿಧಿಸಿದ ತೆರಿಗೆಯೂ ಅಡಕವಾಗಿದೆಯೆಂದು ಓದಿ, ಆ ರಾಜ್ಯಗಳಿಗೆ ತೆತ್ತುದನ್ನು ಇಲ್ಲಿಯ ತೆರಿಗೆಯಲ್ಲಿ ಕಳೆದುಕೊಳ್ಳಬಹುದೆಂದು ತೀರ್ಪಿತ್ತಿತು. ನೆರೆಯ ಕನೆಕ್ಟಿಕಟ್ ನಿರಾಕರಿಸಿದಂತಹ ರಿಯಾಯಿತಿಯು ಬೆಂಗಳೂರಿನಲ್ಲಿ ದೊರೆಯಿತು.